ಡಕಾಯಿತ ಕಳ್ಳಪ್ಪನ ವಿಚಾರಣೆ

ಬಾರದ ಭಾಷೆಗೆ ತಲೆಯಾಡಿಸುವವನಿಗೆ ದೇವರು ಒಂದಲ್ಲ ಒಂದು ದಿನ ಪರೀಕ್ಷೆ ಇಟ್ಟೇ ಇಡುತ್ತಾನೆ. ಸಿದ್ದಾಪುರದ ದರ್ಜಿ ಸಣ್ಣಸ್ವಾಮಿಗೆ ಆ ಪರೀಕ್ಷೆ ಶಾಲೆಯ ಜಗಲಿಯಲ್ಲೇ, ಊರವರೆಲ್ಲ ನೋಡುತ್ತಿರುವಾಗಲೇ ನಡೆಯಿತು.

ಆಗ ಕೊಡಗೇ ಒಂದು ರಾಜ್ಯ. ಮಂತ್ರಿಗಳೂ ಮಡಿಕೇರಿಯಲ್ಲೇ, ಶಾಸನಸಭೆಯೂ ಮಡಿಕೇರಿಯಲ್ಲೇ. ದಿಲ್ಲಿಯವರು ಇದಕ್ಕೆ ‘ಸಿ’ ದರ್ಜೆಯ ರಾಜ್ಯವೆಂದು ಹೆಸರಿಟ್ಟಿದ್ದರು. ಅಧಿಕಾರಿಗಳ ದರ್ಪ ಮಾತ್ರ ‘ಎ’ ದರ್ಜೆಯದೇ. ಸಣ್ಣಸ್ವಾಮಿಯ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಬೇಸಾಯಕ್ಕೆ ನಿಂತವರು. ಮಗನಿಗೆ ನೇಗಿಲಿಗಿಂತ ಸೂಜಿ ಹಗುರವೆನಿಸಿತು. ಹೊಲಿಗೆ ಕಲಿತು, ಹೆಂಡತಿ ನಿಂಗಮ್ಮನನ್ನು ಬಸ್ಸಿನ ಒಳಗೂ ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೂ ಕೂರಿಸಿಕೊಂಡು ಸಿದ್ದಾಪುರಕ್ಕೆ ಬಂದಿಳಿದ. ಅಂಗಡಿಗೆ ಜಾಗ ಕೇಳಿದರೆ ಎಲ್ಲರೂ ಮುಂದಿನ ಮನೆ ತೋರಿಸಿದರು. ಕೊನೆಗೆ ‘ಇಲ್ಲೇ ಕೂತ್ಕೋ’ ಅಂದವನು ಒಬ್ಬನೇ: ತಲಶ್ಶೇರಿ ಕಡೆಯ ಚಾತು. ಅವನದು ಹೆಂಡದಂಗಡಿ. ತನ್ನ ಅಂಗಡಿಯ ಮುಂಭಾಗವನ್ನೇ ಹಲಗೆ ಹೊಡೆದು ಎರಡು ಮಾಡಿ, ಅರ್ಧವನ್ನು ದರ್ಜಿಗೆ ಬಿಟ್ಟುಕೊಟ್ಟ.

ಸಣ್ಣಸ್ವಾಮಿ ಒಳ್ಳೆಯವನೇ. ಬೀಡಿ ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಹೆಂಡದ ಹನಿ ನಾಲಿಗೆಗೆ ತಾಗಿಸಿದವನಲ್ಲ. ಅವನಿಗಿದ್ದದ್ದು ಒಂದೇ ಚಟ, ಭಾಷೆಯದು. ಎಸ್ಟೇಟುಗಳ ನಡುವಿನ ಆ ಊರಿನಲ್ಲಿ ಒಂದು ಕಾಜಾ ಗುಂಡಿ ಹೊಲಿದು ಮುಗಿಸುವಷ್ಟರಲ್ಲಿ ಕೊಡವ, ಮಲಯಾಳ, ತಮಿಳು, ತುಳು, ಅರೆಭಾಷೆ, ಉರ್ದು ಎಲ್ಲ ಕಿವಿಗೆ ಬೀಳುತ್ತಿದ್ದವು. ಕಿವಿಗೆ ಬಿದ್ದದ್ದೆಲ್ಲ ತಲೆಗೂ ಹೋಯಿತೆಂದು ಸಣ್ಣಸ್ವಾಮಿ ನಂಬಿದ. ಯುಗಾದಿಗೆ ಮಾವನ ಮನೆಗೆ ಹೋದಾಗ, “ಕೊಡಗಲ್ಲಿ ಏಸು ಭಾಷೆ ಐತೋ ಅಷ್ಟೂ ನಂಗೆ ಬತ್ತದೆ” ಎಂದುಬಿಟ್ಟ. ಭಾವಮೈದುನ ಬಾಯಿ ತೆರೆದುಕೊಂಡು ನೋಡಿದ. ಆಡಿದ ಮೇಲೆ ಉಳಿಸಿಕೊಳ್ಳಬೇಕಲ್ಲ! ಅಂದಿನಿಂದ ಯಾರು ಯಾವ ಭಾಷೆಯಲ್ಲಿ ಏನಂದರೂ ಸಣ್ಣಸ್ವಾಮಿಯ ತಲೆ ಅಲ್ಲಾಡುತ್ತಿತ್ತು. ಅರ್ಥ ಕೇಳುವ ದಾರಿ ಮಾತ್ರ ಮುಚ್ಚಿಹೋಯಿತು.

ಹಲಗೆಯ ಗೋಡೆಗೆ ಕಿವಿ ಹತ್ತಿರವೇ ಇತ್ತು. ಮೊದಲು ಕೇಳಿಸಿದ್ದು ಇದು:

“ಚಾತೂ, ಕಳ್ಳ್ ಉಂಡೋ?”

“ಉಂಡ್, ಉಂಡ್.”

ಮಲಯಾಳದಲ್ಲಿ ಕಳ್ಳ್ ಎಂದರೆ ಹೆಂಡ, ಉಂಡ್ ಎಂದರೆ ಇದೆ. ಕೊಡವರೂ ಹೆಂಡಕ್ಕೆ ಕಳ್ಳ್ ಎಂದೇ ಅನ್ನುತ್ತಾರೆ. ಇದು ಸಿದ್ದಾಪುರದ ಕೋಳಿಗಳಿಗೂ ಗೊತ್ತು. ಆದರೆ ಸಣ್ಣಸ್ವಾಮಿಗೆ ಹೆಂಡ ಎಂದರೆ ಹೆಂಡ, ಕಳ್ಳ ಎಂದರೆ ಕಳ್ಳ. ಅವನ ಕಿವಿಗೆ ಬಿದ್ದದ್ದು ‘ಕಳ್ಳ ಉಂಡನೋ? ಉಂಡ, ಉಂಡ.’ ಚಾತು ಯಾರೋ ಕಳ್ಳನಿಗೆ ಊಟ ಹಾಕಿದ್ದಾನೆ! ಸಣ್ಣಸ್ವಾಮಿ ಯಂತ್ರದ ಪೆಡಲಿನಿಂದ ಕಾಲು ತೆಗೆದ.

ಕಾಲು ತೆಗೆದ ಮೇಲೆ ಕಿವಿ ಇನ್ನೂ ಚುರುಕಾಯಿತು. ಮರುದಿನ, ‘ಈಗಷ್ಟೇ ಮರದಿಂದ ಇಳಿಸಿದ ಕಳ್ಳ್’ ಎಂದು ಯಾರೋ ಅಂದರು. ಹಗಲೆಲ್ಲ ಕಳ್ಳರು ಮರದ ಮೇಲೆ ಅಡಗಿರುತ್ತಾರೆಂದು ಸಣ್ಣಸ್ವಾಮಿಗೆ ತಿಳಿಯಿತು. ಅದರ ಮರುದಿನ ಚಾತು, “ಇನ್ನಲತ್ತೆ ಕಳ್ಳ್ ಪುಳಿಚ್ಚು” ಎಂದ. ನಿನ್ನೆಯ ಹೆಂಡ ಹುಳಿಯಾಯಿತು ಎಂಬುದು ಅವನ ಗೋಳು. ನಿನ್ನೆಯ ಕಳ್ಳ ಹುಳಿ ಹಿಂಡಿದ, ಅಂದರೆ ಗುಂಪಿನಲ್ಲಿ ಒಡಕು ಬಂದಿದೆ ಎಂದು ಸಣ್ಣಸ್ವಾಮಿ ಅರ್ಥ ಮಾಡಿಕೊಂಡ. ಹೆದರಿಕೆಯೇನೋ ಆಯಿತು. ಆದರೆ ಸತ್ಯ ಹೇಳಬೇಕೆಂದರೆ ಹೆದರಿಕೆಗಿಂತ ಕುತೂಹಲವೇ ಹೆಚ್ಚು. ಇಷ್ಟು ಕಳ್ಳರಲ್ಲಿ ಒಬ್ಬನ ಮುಖವೂ ಕಾಣದಿದ್ದರೆ ಯಾರಿಗೆ ತಾನೇ ತಡೆದೀತು?

ಹೀಗಿರುವಾಗ ಒಂದು ಸಂಜೆ ಚಾತು ತನ್ನ ಹೆಂಡತಿ ಮಾಧವಿಗೆ ಹೇಳಿದ ಮಾತು ಹಲಗೆ ದಾಟಿ ಬಂತು: “ನಾಳೆ ರಾವಿಲೆ ಕಳ್ಳಪ್ಪಂ. ಸಣ್ಣಸ್ವಾಮಿಡೆ ವೀಟ್ಟಿಲುಂ.”

ಕಳ್ಳಪ್ಪ ಎಂದರೆ ಒಂದು ತಿಂಡಿ. ಅಕ್ಕಿ ಹಿಟ್ಟಿಗೆ ಒಂದು ಸೌಟು ಹೆಂಡ ಹುಯ್ದು, ಉಬ್ಬಿ ಬಂದ ಮೇಲೆ ಕಾವಲಿಯಲ್ಲಿ ಬೇಯಿಸಿದ ಮೆತ್ತನೆಯ ಅಪ್ಪ. ಮಾಧವಿಯಿಂದ ಅದನ್ನು ಕಲಿತ ನಿಂಗಮ್ಮ ಬಹಳ ದಿನಗಳಿಂದ ಗಂಡನಿಗೆ ಅದನ್ನೇ ಬಡಿಸುತ್ತಿದ್ದಳು. ಅವನು ಅದನ್ನು ದೋಸೆಯೆಂದು ಕರೆದು ಚಪ್ಪರಿಸಿ ತಿನ್ನುತ್ತಿದ್ದ. ಇಷ್ಟು ಮೆತ್ತಗೆ ಹೇಗಾಯಿತೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸಂಸಾರ ಸುಖವಾಗಿ ಸಾಗುವುದು ಇಂಥ ದೋಸೆಗಳಿಂದಲೇ.

‘ಕಳ್ಳಪ್ಪ! ಕಳ್ಳರಿಗೆಲ್ಲ ಅಪ್ಪ! ನಾಳೆ ಬೆಳಿಗ್ಗೆ ನಮ್ಮ ಮನೆಗೇ ಬರ್ತಾನೆ!’ ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೆಂದು ಸಣ್ಣಸ್ವಾಮಿ ನಿಂಗಮ್ಮನೆದುರು ಉಸಿರೆತ್ತಲಿಲ್ಲ. ಬೆಳಗಾಗುತ್ತಲೇ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಬಾಗಿಲ ಸಂದಿಯಲ್ಲಿ ನಿಂತ.

“ಅದೇನೂಂದ್ರೆ ಅಲ್ಲಿ ನಿಂತ್ಕಂಡು?” ನಿಂಗಮ್ಮ ತಟ್ಟೆ ತಂದಿಟ್ಟಳು. “ಬನ್ನಿ, ಆರೋಯ್ತದೆ.”

ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡೇ ಸಣ್ಣಸ್ವಾಮಿ ಹೊಟ್ಟೆ ತುಂಬ ಕಳ್ಳಪ್ಪ ತಿಂದ. ಕಳ್ಳಪ್ಪ ಬರಲೇ ಇಲ್ಲ. ನಾನಿರುವುದನ್ನು ನೋಡಿ ಓಡಿಹೋಗಿದ್ದಾನೆ ಎಂದುಕೊಂಡು ಮೀಸೆ ನೀವಿದ.

ಅದೇ ವಾರ ಹೊಸ ಅಬಕಾರಿ ಇನ್ಸ್‌ಪೆಕ್ಟರ್ ಕಲ್ಲೇಶಪ್ಪ ಸಿದ್ದಾಪುರಕ್ಕೆ ಬಂದರು. ಶನಿವಾರಸಂತೆ ಕಡೆಯವರು, ಹಣೆಯ ತುಂಬ ವಿಭೂತಿ. ಏಳು ತಲೆಮಾರಿನಿಂದ ಅವರ ಮನೆಯ ಹೊಸ್ತಿಲನ್ನು ಮದ್ಯವೆನ್ನುವುದು ದಾಟಿಲ್ಲ. ಅಂಥವರನ್ನೇ ಹುಡುಕಿ ಸರ್ಕಾರ ಅಬಕಾರಿ ಇಲಾಖೆಗೆ ಹಾಕಿತ್ತು. ಹೆಂಡ ಎಂಬ ಮಾತು ಬಾಯಿಗೆ ಬರಬಾರದೆಂದು ಅವರು ‘ಆ ಪದಾರ್ಥ’ ಅನ್ನುತ್ತಿದ್ದರು. ಅದಕ್ಕೆ ಊರೂರಲ್ಲಿ ಏನೇನು ಹೆಸರಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲವೆನ್ನುವುದೂ ಅವರ ಜಾಯಮಾನವಲ್ಲ. ಲೈಸೆನ್ಸುಗಳನ್ನು ಹೊಸದು ಮಾಡುವ ಮುನ್ನ ಅಂಗಡಿಗಳನ್ನು ನೋಡಿಹೋಗಲು ಬಂದವರು, ಖಾಕಿ ಕೋಟಿನ ಹೊಲಿಗೆ ಬಿಚ್ಚಿದ್ದರಿಂದ ಮೊದಲು ದರ್ಜಿಯ ಅಂಗಡಿಗೆ ಹೊಕ್ಕರು.

ಸಣ್ಣಸ್ವಾಮಿ ಅವರ ಎದೆಗೆ ಟೇಪು ಸುತ್ತಿ, ಕಿವಿಯ ಬಳಿ ಬಾಯಿ ತಂದ. “ಸ್ವಾಮಿ, ತಮ್ಮ ಕಿವಿಗೆ ಒಂದು ಮಾತು ಹಾಕ್ಬೇಕು. ಪಕ್ಕದಲ್ಲಿ ಕಳ್ಳರವ್ರೆ.”

“ಎಷ್ಟು ಜನ?”

“ದಿನಕ್ಕೆ ಮೂರು ಕೊಡ ಅಂತಾ ಇದ್ರು.”

“ಕೊಡದಲ್ಲಿ ಕಳ್ಳರಾ ಮಾರಾಯ?”

“ಗುಪ್ತ ಭಾಷೆ ಸ್ವಾಮಿ. ನಂಗೆ ಎಲ್ಲಾ ಭಾಷೆ ಬತ್ತದೆ, ಅದ್ಕೇ ತಿಳೀತು. ಹಗಲು ಮರದ ಮ್ಯಾಲೆ ಇರ್ತಾರಂತೆ, ಸಂಜೆಗೆ ಇಳಿಸ್ತಾರಂತೆ. ಅವರ ನಾಯಕನ ಹೆಸರು ಕಳ್ಳಪ್ಪ.”

ಇನ್ಸ್‌ಪೆಕ್ಟರು ಟೇಪನ್ನು ಕಿತ್ತು ಈಚೆಗೆ ತಿರುಗಿದರು. “ಏನಂದೆ? ನನ್ನ ಹೆಸರು ಕಲ್ಲೇಶಪ್ಪ ಕಣಯ್ಯ! ಈ ಕಡೆ ಜನರ ಬಾಯಲ್ಲಿ ಲಕಾರ ಯಾವುದು ಳಕಾರ ಯಾವುದು ಅಂತ ಗೊತ್ತಾಗೂದಿಲ್ಲ. ನಾಳೆ ಮಡಿಕೇರೀಲಿ ‘ಕಳ್ಳಪ್ಪ ಊರು ದೋಚಿದ’ ಅಂತ ಸುದ್ದಿ ಆದ್ರೆ ನನ್ನ ಮಾನದ ಗತಿ ಏನು? ಅವನು ಸಿಗಲೇಬೇಕು!”

ಆ ರಾತ್ರಿ ಸರ್ಕಾರಿ ಬಂಗಲೆಯಲ್ಲಿ ಉಳಿದ ಸಾಹೇಬರನ್ನು ಸಣ್ಣಸ್ವಾಮಿ ಬೆಳಗಿನ ತಿಂಡಿಗೆ ಮನೆಗೆ ಕರೆದ. ನಿಂಗಮ್ಮ ಕಾವಲಿಯಿಂದ ನೇರ ತಟ್ಟೆಗೆ ಬಡಿಸಿದಳು. ಇನ್ಸ್‌ಪೆಕ್ಟರು ನಾಲ್ಕು ತಿಂದರು. “ತಾಯಿ, ಇದು ಹೂವಿನ ಹಾಂಗೆ ಇದೆ. ನಮ್ಮ ಕಡೆ ಹೀಂಗೆ ಉಬ್ಬೂದಿಲ್ಲ. ಎಂತ ಹಾಕ್ತೀರಿ?” ನಿಂಗಮ್ಮ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಣ್ಣಸ್ವಾಮಿ, “ಕೈಗುಣ ಸ್ವಾಮಿ” ಎಂದು ಅವಳನ್ನು ಒಳಗೆ ಕಳಿಸಿದ. ತೃಪ್ತಿಯಿಂದ ಕೈ ತೊಳೆದ ಇನ್ಸ್‌ಪೆಕ್ಟರು ನೇರವಾಗಿ ಹೋಗಿ ಚಾತುವಿನ ಅಂಗಡಿಗೆ ಬೀಗ ಹಾಕಿಸಿದರು. ಅಪರಾಧ ಮತ್ತು ಸಾರ್ವಜನಿಕ ಸುರಕ್ಷತೆಯ ಕಾರಣ, ಲೈಸೆನ್ಸು ಇರಬೇಕೋ ಬೇಡವೋ ಎಂದು ಮುಂದಿನ ಸಂತೆಯ ದಿನ ವಿಚಾರಣೆ, ಇಷ್ಟೇ ಅವರು ಹೇಳಿದ್ದು. ಲೈಸೆನ್ಸು ಹೋದರೆ ಚಾತುವಿಗೆ ಸಿದ್ದಾಪುರದಲ್ಲಿ ಬೇರೆ ಬದುಕಿಲ್ಲ. ಹೆಂಡತಿಯನ್ನು ಕರೆದುಕೊಂಡು ತಲಶ್ಶೇರಿಯ ಬಸ್ಸು ಹತ್ತುವುದೊಂದೇ ದಾರಿ.

ಸುದ್ದಿಗೆ ಕಾಲು ಬಂತು. ಕಳ್ಳಪ್ಪ ಆರಡಿ ಎತ್ತರವೆಂದು ಬಸ್ ನಿಲ್ದಾಣದಲ್ಲಿ ಹೇಳಿದರು. ಮೀನಿನ ಅಂಗಡಿಗೆ ಬರುವಷ್ಟರಲ್ಲಿ ಏಳಡಿಯಾದ. ವಿರಾಜಪೇಟೆ ಬಸ್ಸಿನ ಕಂಡಕ್ಟರು ತಾನೇ ಅವನಿಗೆ ಟಿಕೆಟ್ಟು ಕೊಟ್ಟೆನೆಂದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕಾಫಿ ಹಣ್ಣು ಕೊಯ್ಯಲು ದೂರದ ಸಾಲುಗಳಿಗೆ ಹೆಂಗಸರನ್ನು ಕಳಿಸುವುದನ್ನೇ ನಿಲ್ಲಿಸಿದ. ಪಿಂಚಣಿಯ ಜಮಾದಾರ್ ನಾಣಯ್ಯನವರು ಕೋವಿ ಹಿಡಿದು ಜಗಲಿಯಲ್ಲಿ ಕೂತು, ಕಳ್ಳಪ್ಪ ಬರಲೆಂದು ಕಾದರು. ಅವರೂ ದಿನಾ ಕಳ್ಳ್ ಕುಡಿಯುವವರೇ, ಕಳ್ಳಪ್ಪ ತಿನ್ನುವವರೇ. ಆದರೆ ತಟ್ಟೆಯಲ್ಲಿರುವುದು ಡಕಾಯಿತನಾಗಿ ಊರು ಸುತ್ತುತ್ತಿದೆಯೆಂದು ಯಾರಿಗೆ ತಾನೇ ಹೊಳೆದೀತು?

ಈ ಗದ್ದಲದಲ್ಲಿ ಮೊದಲು ಪೆಟ್ಟು ತಿಂದವನು ಸಣ್ಣಸ್ವಾಮಿಯೇ. ಅವನಿಗೆ ಬರುತ್ತಿದ್ದ ಕೆಲಸದಲ್ಲಿ ಹೆಚ್ಚಿನದು ಹರಿದ ಅಂಗಿ. ಆ ಅಂಗಿಗಳು ಹರಿಯುತ್ತಿದ್ದುದು ಪಕ್ಕದ ಅಂಗಡಿಯಲ್ಲಿ. ಅಂಗಡಿ ಮುಚ್ಚಿದ್ದೇ ಎಸ್ಟೇಟಿನ ಲೈನುಮನೆಗಳ ಕೂಲಿಯವರ ಅಂಗಿಗಳೆಲ್ಲ ಗಟ್ಟಿಮುಟ್ಟಾಗಿ ಉಳಿದವು, ಯಂತ್ರ ಸುಮ್ಮನಾಯಿತು. ಮನೆಯಲ್ಲಿ ದೋಸೆ ಹಲಗೆಯಾಯಿತು.

“ಇದೇನಮ್ಮಿ, ಹಿಂಗಾಗದೆ?”

“ಚಾತಣ್ಣನ ಅಂಗಡಿ ತೆಗೀಲಿ, ಸರಿಯಾಯ್ತದೆ,” ಎಂದಳು ನಿಂಗಮ್ಮ. ದೋಸೆಗೂ ಅಂಗಡಿಗೂ ಏನು ಸಂಬಂಧವೆಂದು ಕೇಳಬೇಕೆನಿಸಿತು. ಎಲ್ಲ ಬಲ್ಲವನು ಕೇಳುವುದು ಹೇಗೆ? ತಲೆಯಾಡಿಸಿದ.

ವಿಚಾರಣೆಯ ದಿನ ಶಾಲೆಯ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂತೆಗೆ ಬಂದವರು ಸಂತೆ ಬಿಟ್ಟು ಇಲ್ಲಿಗೇ ಬಂದಿದ್ದರು, ಕಳ್ಳಪ್ಪನನ್ನು ಸಂಕೋಲೆ ಹಾಕಿ ತರುತ್ತಾರೆಂದು. ಇನ್ಸ್‌ಪೆಕ್ಟರು ಹೊಲಿದ ಕೋಟು ತೊಟ್ಟು ಮೇಷ್ಟರ ಕುರ್ಚಿಯಲ್ಲಿ ಕೂತರು. ಮೊದಲ ಸಾಕ್ಷಿ ಲೈನಿನ ಆಳು ಜವರ.

“ಆ ಅಂಗಡೀಲಿ ನಿನ್ನ ಅಂಗಿ ಹರಿದದ್ದು ಹೌದಾ?”

“ಊಂ ಬುದ್ಧಿ. ನಾನೂ ಮಲ್ಲನೂ ಒಂದೇ ಬೆಂಚಲ್ಲಿ ಕುಂತಿದ್ದೊ. ಅವ್ನು ಎದ್ದ. ಬೆಂಚು ಮಗುಚ್ತು, ಅಂಗಿ ಮೊಳೆಗೆ ಸಿಕ್ತು.”

“ಹೊಡೆದಾಟ ಏನೂ ಆಗಿಲ್ವಾ?”

“ಹೊಡದಾಟ ಆದ್ಮೇಲೇ ಬುದ್ಧಿ ಅವ್ನು ಎದ್ದಿದ್ದು.”

ಆಮೇಲೆ ಚಾತುವನ್ನು ಕರೆದರು. ಅವನಿಗೆ ವ್ಯಾಪಾರಕ್ಕೆ ಸಾಕಾಗುವಷ್ಟು ಕನ್ನಡ ಬರುತ್ತಿತ್ತು. ಆದರೆ ಅಧಿಕಾರಿಯ ಮುಂದೆ ನಿಂತೊಡನೆ ಆ ಕನ್ನಡ ಅವನನ್ನು ಒಂಟಿಯಾಗಿ ಬಿಟ್ಟು ಓಡಿಹೋಯಿತು. ಮಲಯಾಳವೊಂದೇ ಉಳಿಯಿತು.

“ನನಗೆ ಅರ್ಥ ಆಗ್ತದೆ,” ಎಂದರು ಏನೂ ಅರ್ಥವಾಗದ ಇನ್ಸ್‌ಪೆಕ್ಟರು. “ಆದ್ರೆ ಸರ್ಕಾರಕ್ಕೆ ಕನ್ನಡದಲ್ಲಿ ಬೇಕು. ಎಲ್ಲಿ, ಆ ಎಲ್ಲಾ ಭಾಷೆ ಬಲ್ಲ ದರ್ಜಿ?”

ಸಣ್ಣಸ್ವಾಮಿ ಹೆಗಲ ಟೇಪು ಸರಿಮಾಡಿಕೊಂಡು ಮುಂದೆ ಬಂದ. ದೂರು ಕೊಟ್ಟವನೇ ದುಭಾಷಿ! ಮುಂದಿನ ಸಾಲಿನಲ್ಲಿ ಕೂತಿದ್ದ ನಿಂಗಮ್ಮನ ಕಡೆ ಒಮ್ಮೆ ಹೆಮ್ಮೆಯಿಂದ ನೋಡಿದ.

ಚಾತು ಕೈಮುಗಿದು ಹೇಳಿದ: “ಞಾನ್ ನಲ್ಲ ಕಳ್ಳ್ ಮಾತ್ರಂ ವಿಲ್ಕ್ಕುಂ ಸಾರೇ. ಕಳ್ಳ ಕಳ್ಳ್ ವಿಲ್ಕ್ಕಿಲ್ಲ.” ಒಳ್ಳೆಯ ಹೆಂಡ ಮಾತ್ರ ಮಾರುತ್ತೇನೆ, ಕಳ್ಳ ಹೆಂಡ ಮಾರುವುದಿಲ್ಲ ಎಂದು ಅವನ ಅರಿಕೆ.

ಸಣ್ಣಸ್ವಾಮಿ ಗಂಟಲು ಸರಿಮಾಡಿಕೊಂಡ. “ಒಪ್ಕಂಡ ಸ್ವಾಮಿ! ನಾನು ಒಳ್ಳೆ ಕಳ್ಳರನ್ನ ಮಾತ್ರ ಮಾರ್ತೀನಿ, ಕಳ್ಳ ಕಳ್ಳರನ್ನ ಮಾರಕ್ಕಿಲ್ಲ ಅಂತವ್ನೆ.”

ಜಗಲಿಯ ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಇನ್ಸ್‌ಪೆಕ್ಟರು ಮೇಜು ಕುಟ್ಟಿದರು. “ಕಳ್ಳರ ವ್ಯಾಪಾರವಾ! ಯಾರು ಕೊಳ್ತಾರೆ?”

ಚಾತು ಜನರತ್ತ ಕೈ ತೋರಿಸಿದ. ಎಲ್ಲರೂ ಕೊಳ್ಳುತ್ತಾರೆ, ಜಮಾದಾರರೂ ದಿನಾ ಎರಡು ಕುಡಿಕೆ ಕೊಳ್ಳುತ್ತಾರೆ ಎಂದ. ಜಮಾದಾರರು ದಿನಾ ಇಬ್ಬರು ಕಳ್ಳರನ್ನು ಕೊಳ್ಳುತ್ತಾರೆಂದು ಸಣ್ಣಸ್ವಾಮಿ ಕನ್ನಡ ಮಾಡಿದ. ನಾಣಯ್ಯನವರು ಕೋವಿ ಗೋಡೆಗೆ ಒರಗಿಸಿ ಎದ್ದು ನಿಂತರು. ಅವರ ಮುಖದಲ್ಲಿ ಮೊದಲು ಸಿಟ್ಟು ಬಂತು, ಆಮೇಲೆ ಅನುಮಾನ ಬಂತು, ಆಮೇಲೆ ಮೀಸೆಯ ತುದಿ ಅದುರತೊಡಗಿತು. ಮತ್ತೆ ಕೂತರು. ಮುಂದೇನಾಗುತ್ತದೆಂದು ನೋಡುವ ಆಸೆ ಅವರಿಗೂ ತಡೆಯಲಿಲ್ಲ.

“ಅದೆಲ್ಲ ಇರಲಿ,” ಎಂದರು ಇನ್ಸ್‌ಪೆಕ್ಟರು. “ಕಳ್ಳಪ್ಪ ಎಲ್ಲಿ? ಅದು ಹೇಳು!”

ಚಾತು ಕಕ್ಕಾಬಿಕ್ಕಿಯಾದ. ಡಕಾಯಿತನ ಸುದ್ದಿಯನ್ನು ಅವನೆದುರು ಮಾತ್ರ ಊರಲ್ಲಿ ಯಾರೂ ಎತ್ತಿರಲಿಲ್ಲ. ಲೈಸೆನ್ಸಿನ ವಿಚಾರಣೆಯಲ್ಲಿ ತಿಂಡಿಯ ಮಾತೇಕೆ? ಸಾಹೇಬರಿಗೆ ಹಸಿವಾಗಿರಬಹುದೆಂದು, ಕಳ್ಳ್ ಇಲ್ಲದೆ ಕಳ್ಳಪ್ಪ ಆಗುವುದಿಲ್ಲ ಸಾರ್, ಎಂದ.

“ಕಳ್ಳರಿಲ್ದೆ ಕಳ್ಳಪ್ಪ ಇರಾಕಾಗಲ್ಲ ಅಂತವ್ನೆ.”

“ಸರಿ. ಕಡೇ ಸಲ ಅವನು ಎಲ್ಲಿದ್ದ?”

ನಿಂಗಮ್ಮ ಮಾಧವಿಗೆ ಹೇಳಿದ್ದನ್ನು ಚಾತು ನೆನಪು ಮಾಡಿಕೊಂಡು ಬಿಡಿಸಿ ಬಿಡಿಸಿ ಹೇಳಿದ. “ಕಡ ಪೂಟ್ಟಿಯ ದಿವಸಂ ರಾವಿಲೆ, ಸಣ್ಣಸ್ವಾಮಿಡೆ ವೀಟ್ಟಿಲ್. ಇನ್ಸ್‌ಪೆಕ್ಟರ್ ಸಾರ್ ನಾಲ್ ಕಳ್ಳಪ್ಪಂ ತಿನ್ನು.”

ಸಣ್ಣಸ್ವಾಮಿ ಶುರು ಮಾಡಿದ: “ಅಂಗಡಿ ಮುಚ್ಚಿದ ದಿವಸ ಬೆಳಿಗ್ಗೆ... ಸಣ್ಣಸ್ವಾಮಿ ಮನೇಲಿ... ಇನ್ಸ್‌ಪೆಕ್ಟರ್ ಸಾಹೇಬ್ರು... ನಾಕು ಜನ ಕಳ್ಳಪ್ಪನ್ನ...” ಅಲ್ಲಿಗೆ ನಿಂತ. ತಿನ್ನು ಎಂಬ ಮಾತಿಗೆ ಅವನು ಬಲ್ಲ ಯಾವ ಭಾಷೆಯಲ್ಲೂ ಬೇರೆ ಅರ್ಥ ಇರಲಿಲ್ಲ. “...ತಿಂದ್ರು.”

ನಾಣಯ್ಯನವರ ನಗು ಸಿಡಿಯಿತು. ಅದರ ಹಿಂದೆ ಇಡೀ ಶಾಲೆ ನಕ್ಕಿತು. ಇನ್ಸ್‌ಪೆಕ್ಟರು “ಸೈಲೆನ್ಸ್!” ಎಂದು ಕೂಗಿದಷ್ಟೂ ನಗು ಹೆಚ್ಚಾಯಿತು. ಆಗ ನಿಂಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಸ್ವಾಮಿ, ಈ ಮನುಷ್ಯಂಗೆ ಒಂದು ಭಾಷೆನೂ ಬರಕ್ಕಿಲ್ಲ. ಕಳ್ಳ್ ಅಂದ್ರೆ ಹೆಂಡ. ಅದನ್ನ ಹಿಟ್ಟಿಗೆ ಹುಯ್ದು ಮಾಡಿದ್ರೆ ಕಳ್ಳಪ್ಪ. ಹೂವಿನ ಹಂಗದೆ ಅಂತ ತಾವು ನಾಕು ತಿಂದ್ರಲ್ಲ, ಅದೇಯ. ನಮ್ಮೋರು ದಿನಾ ತಿಂತಾರೆ. ಚಾತಣ್ಣ ಯಾರನ್ನೂ ಬಚ್ಚಿಟ್ಟಿಲ್ಲ. ಬೀದಿಲಿ ನಿಂತಿದ್ದ ನಮಗೆ ಜಾಗ ಕೊಟ್ಟ ಪುಣ್ಯಾತ್ಮ ಅವ್ನು!”

ಇನ್ಸ್‌ಪೆಕ್ಟರ ಕೈ ತಾನಾಗಿ ಹಣೆಯ ವಿಭೂತಿಗೆ ಹೋಯಿತು. ಏಳು ತಲೆಮಾರು ಕಣ್ಣೆದುರು ಸಾಲಾಗಿ ನಿಂತಿರಬೇಕು. ಅವರು ಮುಂದೆ ಬಾಗಿ ಮೆಲ್ಲಗೆ ಕೇಳಿದರು: “ತಾಯಿ, ಬೆಂದ ಮೇಲೆ... ಆ ಪದಾರ್ಥ ಅದರಲ್ಲಿ ಉಳೀತದಾ?”

“ಎಲ್ಲಾ ಹಬೇಲಿ ಹೋಯ್ತದೆ ಸ್ವಾಮಿ.”

“ಹೋಗ್ತದೆ. ಹೋಗಲೇಬೇಕು.” ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಈ ಅಂಗಡಿಯನ್ನು ಕಳ್ಳಪ್ಪನ ಅಡ್ಡೆಯೆಂದು ಮುಚ್ಚಿದರೆ, ಕಳ್ಳಪ್ಪ ಯಾರ ಹೊಟ್ಟೆಯಲ್ಲಿ ಅಡಗಿದ್ದನೆಂದು ಮಡಿಕೇರಿಗೆ ತಿಳಿಸಬೇಕಾಗುತ್ತಿತ್ತು. ತೀರ್ಪು ತಡವಾಗಲಿಲ್ಲ. ಕಳ್ಳಪ್ಪನೆಂಬ ಮನುಷ್ಯನಿಲ್ಲ. ಬೆಂಚಿನ ಮೊಳೆಯನ್ನು ಬಡಿಯತಕ್ಕದ್ದು. ಲೈಸೆನ್ಸು ಮುಂದುವರಿಯತಕ್ಕದ್ದು. ಜವರ ಸಿಳ್ಳೆ ಹಾಕಿದ. ಅವನ ಅಂಗಿಗೆ ಮುಂದೆ ಏನು ಕಾದಿದೆಯೆಂದು ಆ ಅಂಗಿಗೇ ಗೊತ್ತು.

ಎಲ್ಲರೂ ಚಾತುವಿನ ಬೆನ್ನು ತಟ್ಟಿದರು. ಸಣ್ಣಸ್ವಾಮಿ ಮಾತ್ರ ಕಂಬದ ಮರೆಯಲ್ಲಿ ನಿಂತಿದ್ದ. ಚಾತು ಅಲ್ಲಿಗೆ ಬಂದ. ಈಗ ಅವನ ಕನ್ನಡ ವಾಪಸು ಬಂದಿತ್ತು.

“ಸಣ್ಣಸ್ವಾಮೀ, ನಮ್ಮ ಮಧ್ಯೆ ಇದ್ದದ್ದು ಒಂದು ಹಲಗೆ. ನೀ ಅದನ್ನ ಒಂದು ಸಲ ತಟ್ಟಿ, ‘ಚಾತೂ, ಕಳ್ಳ್ ಅಂದ್ರೆ ಎಂತ’ ಅಂತ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ?” ಇಷ್ಟು ಹೇಳಿ ತಿರುಗಿ ನೋಡದೆ ಹೋದ.

ಊರೆಲ್ಲ ನಕ್ಕಾಗ ಸಣ್ಣಸ್ವಾಮಿಗೆ ನಾಚಿಕೆಯಾಗಿತ್ತು. ಈ ಮಾತು ಅದಕ್ಕಿಂತ ಆಳಕ್ಕೆ ನಾಟಿತು. ಜಾಗ ಕೊಟ್ಟವನ ಅನ್ನಕ್ಕೇ ಕಲ್ಲು ಹಾಕಿದೆನಲ್ಲ! ಕ್ಷಮೆ ಕೇಳಲೇಬೇಕು, ಅದೂ ಅವನ ಭಾಷೆಯಲ್ಲೇ ಕೇಳಬೇಕು. ನಾಣಯ್ಯನವರ ಬಳಿಗೆ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟ. “ಜಮಾದಾರ್ರೇ, ನಂಗೆ ಮಲಯಾಳ ಬರಕ್ಕಿಲ್ಲ. ‘ನನ್ನಿಂದ ತಪ್ಪಾಯ್ತು’ ಅನ್ನದು ಹೆಂಗೆ?”

“ಎನಿಕ್ಕ್ ತೆಟ್ಟ್ ಪಟ್ಟಿ,” ಎಂದರು ನಾಣಯ್ಯನವರು. “ಸರಿಯಾಗಿ ಬಾಯಿಪಾಠ ಮಾಡು, ಅರ್ಧ ಬಿಟ್ಟೀಯ.”

ದಾರಿಯುದ್ದಕ್ಕೂ ಸಣ್ಣಸ್ವಾಮಿ ಅದನ್ನು ಜಪಿಸಿದ. ಸಂತೆಯ ಗದ್ದಲದಲ್ಲಿ ಒಬ್ಬ ಡಿಕ್ಕಿ ಹೊಡೆದ, ಒಬ್ಬಳು ಬದನೆಕಾಯಿ ಬೇಕೇ ಎಂದಳು, ಒಬ್ಬ ‘ಏನ್ ಕಳ್ಳಪ್ಪಾ’ ಎಂದು ಕೂಗಿದ. ಅಂಗಡಿ ಮುಟ್ಟುವಷ್ಟರಲ್ಲಿ ಮಂತ್ರದ ಬಾಲವಷ್ಟೇ ಉಳಿದಿತ್ತು. ಚಾತು ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಬೆಂಚಿನ ಮೇಲೆ ಆಗಲೇ ಜನ ಕೂತಿದ್ದರು. ಸಣ್ಣಸ್ವಾಮಿ ಅವರೆಲ್ಲರ ಎದುರಿಗೆ ಕೈ ಮುಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಗಟ್ಟಿಯಾಗಿ ಹೇಳಿದ:

“ಚಾತಣ್ಣಾ, ಞಾನ್ ಪಟ್ಟಿ!”

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ನಾನು ನಾಯಿ ಎಂದು ಒಬ್ಬ ಮನುಷ್ಯ ಅಷ್ಟು ಭಕ್ತಿಯಿಂದ ಹೇಳಿದ್ದನ್ನು ಬೆಂಚಿನ ಮೇಲಿದ್ದವರಾರೂ ಕೇಳಿರಲಿಲ್ಲ. ಚಾತು ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟ. ಅವನ ಮುಖದ ಬಿಗಿ ಕರಗಿತು. ಹತ್ತಿರ ಬಂದು ದರ್ಜಿಯ ಹೆಗಲ ಮೇಲೆ ಕೈ ಹಾಕಿದ.

“ಬಾ ಮೋನೇ, ಕೂತ್ಕೋ. ಈ ಊರಿಗೆ ಬಂದ ಮೇಲೆ ನೀ ಒಂದು ತಪ್ಪೂ ಇಲ್ಲದೆ ಮಲಯಾಳ ಮಾತಾಡಿದ್ದು ಇವತ್ತೇ.”